ಸಿಎಸ್‌ಎಂಟಿಯ ಮುಂಬಾಗಿಲು ಯಾರಿಗೆ?

ಮುಂಬೈ ನೋಡಲು ಬಂದವರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ಸ್ಟೇಷನ್ ನೋಡುವ ರೀತಿ ಹೆಚ್ಚುಕಡಿಮೆ ಒಂದೇ. ಎದುರಿನ ಮಹಾನಗರ ಪಾಲಿಕೆ ಕಟ್ಟಡದ ಮೂಲೆಯಲ್ಲಿ ಟ್ಯಾಕ್ಸಿ ಇಳಿಯುತ್ತಾರೆ. ರಸ್ತೆಯ ಈಚೆಯಿಂದಲೇ ಮೊಬೈಲ್ ಎತ್ತುತ್ತಾರೆ. ಬೆಸ್ಟ್ ಬಸ್ಸು ಅಡ್ಡ ಬಂದರೆ ಅದು ಹೋಗುವ ತನಕ ಕಾಯುತ್ತಾರೆ. ಹಿಂದೆ ಗುಮ್ಮಟ, ಗಡಿಯಾರ, ಮುಂದೆ ಮನೆಮಂದಿ. ಐದಾರು ಫೋಟೊ ಆದರೆ ಮುಗಿಯಿತು, ಸವಾರಿ ಗೇಟ್‌ವೇ ಆಫ್ ಇಂಡಿಯಾ ಕಡೆಗೆ. ಒಳಗೆ ಹೋಗುವವರು ಕಡಿಮೆ. ಹೋದವರೂ ರೈಲು ಹಿಡಿಯುವ ಅವಸರದಲ್ಲಿ ತಲೆ ಎತ್ತಿ ನೋಡುವುದಿಲ್ಲ.

ಇದಕ್ಕೆ ಜನಜಂಗುಳಿಯೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಕಾರಣ. ಇನ್ನರ್ಧ ಕಟ್ಟಡದ ನಕ್ಷೆಯಲ್ಲೇ ಇದೆ. ನಾವು ಫೋಟೊ ತೆಗೆಯುವ ಆ ಮುಖ, ಆ ಗುಮ್ಮಟ, ಗುಮ್ಮಟದ ಕೆಳಗಿನ ಬಾಗಿಲು, ಇವು ಯಾವುದನ್ನೂ ಪ್ರಯಾಣಿಕರಿಗೆಂದು ಕಟ್ಟಿಲ್ಲ. ಅದು ರೈಲು ಕಂಪನಿಯ ಹೆಡ್ ಆಫೀಸು. ರೈಲು ಹತ್ತುವವರ ಬಾಗಿಲು ಪಕ್ಕದಲ್ಲಿದೆ. ಮದುವೆ ಮನೆಗೆ ಕರೆದು ಹಿತ್ತಲ ಬಾಗಿಲಿಂದ ಒಳಗೆ ಬಿಟ್ಟ ಹಾಗೆ.

ಈ ಮಾತು ಈಗ ಎತ್ತಲು ಎರಡು ಕಾರಣ ಇವೆ. ಒಂದು, ಸ್ಟೇಷನ್ನಿನ ಪುನರಾಭಿವೃದ್ಧಿ. ಸುಮಾರು 2,450 ಕೋಟಿ ರೂಪಾಯಿಯ ಗುತ್ತಿಗೆ 2023ರಲ್ಲಿ ಆಗಿದೆ, ಕೆಲಸ ನಡೆಯುತ್ತಿದೆ. ಇನ್ನೊಂದು, 2025ರ ಅಕ್ಟೋಬರ್‌ನಲ್ಲಿ ಮೆಟ್ರೊ 3ನೇ ಮಾರ್ಗ ಕಫ್ ಪರೇಡ್‌ವರೆಗೆ ಪೂರ್ತಿ ಶುರುವಾಯಿತು. ಆರೇಯಿಂದ ಕಫ್ ಪರೇಡ್‌ಗೆ 33.5 ಕಿ.ಮೀ., 27 ನಿಲ್ದಾಣ. ಅದರಲ್ಲಿ ಸಿಎಸ್‌ಎಂಟಿ ಕೂಡ ಒಂದು. ಬೆಂಗಳೂರಿಂದ ವಿಮಾನದಲ್ಲಿ ಬಂದವರು ಟರ್ಮಿನಲ್ 2ರಲ್ಲಿ ಮೆಟ್ರೊ ಹತ್ತಿದರೆ ಟ್ಯಾಕ್ಸಿಯ ಗೊಡವೆಯೇ ಇಲ್ಲದೆ ಈ ಸ್ಟೇಷನ್ನಿನ ಹತ್ತಿರ ಮೇಲೆ ಬರಬಹುದು. ಸುಮ್ನೆ ನೋಡಲು ಬರುವವರ ಸಂಖ್ಯೆ ಇನ್ನು ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ. ಅವರು ಎಲ್ಲಿ ನಿಲ್ಲಬೇಕು, ಏನು ನೋಡಬೇಕು, ಯಾವ ಬಾಗಿಲಿಂದ ಹೋಗಬೇಕು ಅನ್ನುವುದಕ್ಕೆ ಮಾತ್ರ ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಆಫೀಸಿಗೆ ಗುಮ್ಮಟ, ಪ್ರಯಾಣಿಕರಿಗೆ ಪಕ್ಕದ ದಾರಿ

ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು ಇಲ್ಲಿಂದಲೇ, ಬೋರಿಬಂದರ್‌ನಿಂದ. 1853ರ ಏಪ್ರಿಲ್ 16. ಮೂರು ಇಂಜಿನ್, 14 ಬೋಗಿ, ಸುಮಾರು 400 ಅತಿಥಿಗಳು, 21 ತೋಪಿನ ಸಲಾಮು. ಥಾಣೆಯವರೆಗಿನ 34 ಕಿ.ಮೀ. ದಾರಿ. ಆಗ ಇಲ್ಲಿ ಈ ಅರಮನೆ ಇರಲಿಲ್ಲ, ಸಾಧಾರಣ ಸ್ಟೇಷನ್ ಇತ್ತು. ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ಆಮೇಲೆ ಬೆಳೆಯಿತು. ಹಳಿಗಳು ಘಟ್ಟ ಹತ್ತಿ ಪುಣೆ, ಸೊಲ್ಲಾಪುರ, ಕಲಬುರಗಿ ದಾಟಿದವು. 1871ರಲ್ಲಿ ರಾಯಚೂರು ತಲುಪಿ ಮದ್ರಾಸ್ ರೈಲ್ವೆಯ ಹಳಿಗೆ ಕೂಡಿಕೊಂಡವು. ಮುಂಬೈ–ಮದ್ರಾಸ್ ರೈಲು ದಾರಿ ಗಂಟು ಬಿದ್ದದ್ದು ನಮ್ಮ ರಾಯಚೂರಲ್ಲಿ ಅನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಷ್ಟು ದೊಡ್ಡದಾದ ಕಂಪನಿಗೆ ಅದಕ್ಕೆ ತಕ್ಕ ಮುಖ ಬೇಕಿತ್ತು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅನ್ನುವ ವಾಸ್ತುಶಿಲ್ಪಿಗೆ ಕೆಲಸ ಒಪ್ಪಿಸಿದರು. ಅವರು ಯುರೋಪಿನ ಸ್ಟೇಷನ್‌ಗಳನ್ನು ಸುತ್ತಾಡಿ ನೋಡಿ ಬಂದರು. 1878ರಲ್ಲಿ ಕೆಲಸ ಶುರು. ಹತ್ತು ವರ್ಷ ಹಿಡಿಯಿತು. ಖರ್ಚು ಆ ಕಾಲದ ಹದಿನಾರು ಲಕ್ಷ ರೂಪಾಯಿ ಚಿಲ್ಲರೆ. 1887ರಲ್ಲಿ ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದು 50 ವರ್ಷ ತುಂಬಿದಾಗ ಅವಳ ಹೆಸರನ್ನೇ ಇಟ್ಟು ವಿಕ್ಟೋರಿಯಾ ಟರ್ಮಿನಸ್ ಅಂದರು. ಸೀತಾರಾಮ್ ಖಂಡೇರಾವ್ ವೈದ್ಯ ಅವರಂಥ ಇಲ್ಲಿನ ಇಂಜಿನಿಯರ್‌ಗಳು ನಿಂತು ಕಟ್ಟಿಸಿದರು. ಕೆತ್ತನೆಯ ಬಹುಪಾಲು ಕೆಲಸ ಬಾಂಬೆಯ ಕಲಾ ಶಾಲೆಯ ವಿದ್ಯಾರ್ಥಿಗಳದ್ದು. ನೋಡುವವರ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಈ ಹುಡುಗರ ಕೈಕೆಲಸದ ಮೇಲೆಯೇ.

1996ರಲ್ಲಿ ವಿಕ್ಟೋರಿಯಾ ಹೋಗಿ ಛತ್ರಪತಿ ಶಿವಾಜಿ ಬಂದರು, 2017ರಲ್ಲಿ ಮಹಾರಾಜ್ ಸೇರಿತು. ಹಳೇ ಮುಂಬೈ ಕನ್ನಡಿಗರು ಮಾತ್ರ ಈಗಲೂ ವೀಟಿ ಅಂತಲೇ ಅನ್ನುತ್ತಾರೆ.

ಈಗ ಮುಖ್ಯ ಗೇಟಿನ ಹತ್ತಿರ ಬನ್ನಿ. ಎರಡು ಕಂಬ. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಬ್ರಿಟನ್ನು, ಹುಲಿ ಭಾರತ. ಎರಡೂ ಕೂತೇ ಇವೆ, ಯಾವುದೂ ಯಾವುದರ ಮೇಲೂ ಎಗರಿಲ್ಲ. ಆಳುವವರು ತಮ್ಮ ಆಳ್ವಿಕೆಯನ್ನು ಹೀಗೆ ತೋರಿಸಿಕೊಳ್ಳಲು ಇಷ್ಟಪಟ್ಟರು ಅಂತ ಕಾಣುತ್ತದೆ. ಗೇಟಿನ ಆಚೆ ಗೋಡೆ ಮೇಲೆ ಕಂಪನಿಯ ಹಳೇ ಹಿರಿಯರ ಮುಖಗಳು ಕಲ್ಲಲ್ಲಿ ಇವೆ. ಅವುಗಳ ನಡುವೆ ಎರಡು ನಮ್ಮವರದ್ದು, ಆ ಕಾಲದ ಮುಂಬೈನ ದೊಡ್ಡ ವ್ಯಾಪಾರಿಗಳದ್ದು: ಜಗನ್ನಾಥ ಶಂಕರಶೇಟ್, ಸರ್ ಜಮ್ಶೆಟ್ಜಿ ಜೀಜಿಭಾಯ್. ಶಂಕರಶೇಟ್ ಅವರ ಪೇಟ ಕಂಡರೆ ಗುರುತು ಸಿಕ್ಕಿಬಿಡುತ್ತದೆ. ಇನ್ನೂ ಮೇಲೆ ನೋಡಿದರೆ ದೊಡ್ಡ ಗಡಿಯಾರ. ಅದರ ಕೆಳಗೆ ಒಂದು ಗೂಡು ಖಾಲಿ ಇದೆ. ಅಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಂತಿತ್ತು, ಸ್ವಾತಂತ್ರ್ಯ ಬಂದಮೇಲೆ ತೆಗೆದರು. ಗೂಡನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಗುಮ್ಮಟದ ತುದಿಯಲ್ಲಿ ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ಚಕ್ರ ಹಿಡಿದ ಹೆಣ್ಣು. ‘ಪ್ರಗತಿ’ ಅಂತ ಆಕೆಯ ಹೆಸರು. ಎಷ್ಟೋ ಜನ ಇವಳನ್ನೇ ರಾಣಿ ಅಂದುಕೊಳ್ಳುತ್ತಾರೆ.

ಇನ್ನು ಗುಮ್ಮಟದ ಒಳಗೆ. ಎಂಟು ಮೂಲೆಯ ಕಲ್ಲಿನ ಗುಮ್ಮಟ ಅದು. ಅದರ ನೇರ ಕೆಳಗೆ ಇರುವುದು ಟಿಕೆಟ್ ಕೌಂಟರ್ ಅಲ್ಲ, ಕಾಯುವ ಕೋಣೆಯೂ ಅಲ್ಲ. ಆಫೀಸಿನ ಮೆಟ್ಟಿಲು. ಗೋಡೆಯಿಂದ ಚಾಚಿಕೊಂಡ ಕಲ್ಲಿನ ಮೆಟ್ಟಿಲುಗಳು ಸುತ್ತಿ ಸುತ್ತಿ ಮೇಲೇರುತ್ತವೆ. ಬಣ್ಣದ ಗಾಜಿನ ಕಿಟಕಿಗಳಿಂದ ಬೆಳಕು ಬೀಳುತ್ತದೆ. ಇಡೀ ಕಟ್ಟಡದ ಅತಿ ಚೆಂದದ ಜಾಗ ಇದು. ದಿನಾ ಲಕ್ಷಾಂತರ ಜನ ಇದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ಅವರಲ್ಲಿ ಇದನ್ನು ಕಂಡವರು ಬೆರಳೆಣಿಕೆಯಷ್ಟು. ಇಂದಿಗೂ ಇದು ಮಧ್ಯ ರೈಲ್ವೆಯ ಕೇಂದ್ರ ಕಚೇರಿ. ಕಲಬುರಗಿ ಸ್ಟೇಷನ್ ಈಗಲೂ ಸೊಲ್ಲಾಪುರ ವಿಭಾಗದ ಮೂಲಕ ಇದೇ ಕಟ್ಟಡದ ಕೈಕೆಳಗೆ ಬರುತ್ತದೆ. ಅಲ್ಲಿನ ಎಷ್ಟೋ ತೀರ್ಮಾನದ ಫೈಲು ಕಡೆಗೆ ಈ ಮೆಟ್ಟಿಲು ಹತ್ತಲೇಬೇಕು.

ಪ್ರಯಾಣಿಕರ ಪಾಲಿಗೆ ಏನೂ ಬರಲಿಲ್ಲ ಅಂತಲ್ಲ. ಲೋಕಲ್ ರೈಲಿನ ಟಿಕೆಟ್ ಕೊಡುವ ಹಳೇ ಬುಕಿಂಗ್ ಹಾಲ್‌ಗೆ ಸ್ಟಾರ್ ಚೇಂಬರ್ ಅಂತ ಹೆಸರು. ಚಾವಣಿಯಲ್ಲಿ ಚಿನ್ನದ ಬಣ್ಣದ ನಕ್ಷತ್ರಗಳು. ಕೆಳಗೆ ಇಟಾಲಿಯನ್ ಮಾರ್ಬಲ್ಲಿನ ಕಂಬಗಳು, ಕಂಬದ ತಲೆಯಲ್ಲಿ ಎಲೆ, ಬಳ್ಳಿ, ಪ್ರಾಣಿಗಳು. ಇದು ಎಲ್ಲರಿಗೂ ತೆರೆದಿರುವ ಜಾಗ. ಆದರೆ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ನಿಂತು ಮೇಲೆ ನೋಡಿ, ಗೊತ್ತಾಗುತ್ತದೆ. ಎರಡನೇ ನಿಮಿಷಕ್ಕೆ ಯಾರದೋ ಬ್ಯಾಗು ಬೆನ್ನಿಗೆ ತಾಗುತ್ತದೆ, ಮೂರನೇ ನಿಮಿಷಕ್ಕೆ ‘ಚಲಾ, ಚಲಾ’ ಅನ್ನುವ ದನಿ. ಬಯ್ಯುವವರ ತಪ್ಪೇನಿಲ್ಲ. ಅವರಿಗೆ ಆಫೀಸಿಗೆ ಹೊತ್ತಾಗಿದೆ, ನಾವು ದಾರಿಯ ನಡುವೆ ಕಂಬದ ಹಾಗೆ ನಿಂತಿದ್ದೇವೆ. ಅಲ್ವಾ?

ಖಾಲಿ ಮಾಡಿ ಮ್ಯೂಸಿಯಂ ಮಾಡಿದರೆ?

2018ರ ಹೊತ್ತಿಗೆ ರೈಲ್ವೆ ಸಚಿವಾಲಯದಿಂದ ಒಂದು ಯೋಚನೆ ಹೊರಬಿತ್ತು. ಕಚೇರಿಗಳನ್ನು ಬೇರೆ ಕಡೆ ಸಾಗಿಸಿ, ಹಳೇ ಕಟ್ಟಡವನ್ನು ಜಾಗತಿಕ ಮಟ್ಟದ ಮ್ಯೂಸಿಯಂ ಮಾಡುವುದು. ನೌಕರರು ವಿರೋಧಿಸಿದರು. ಆಮೇಲೆ ಅದು ಜೋರಾಗಿ ಮುಂದೆ ಹೋಗಲಿಲ್ಲ. ಆದರೆ ಯೋಚನೆ ಸತ್ತಿಲ್ಲ. ಪುನರಾಭಿವೃದ್ಧಿ ಮುಗಿಯುವ ಹೊತ್ತಿಗೆ ಮತ್ತೆ ತಲೆ ಎತ್ತುತ್ತದೆ ಅನ್ನುವುದು ನನ್ನ ಊಹೆ.

ಮ್ಯೂಸಿಯಂ ಅಂದ ಕೂಡಲೇ ಪ್ಯಾರಿಸ್ಸಿನ ಓರ್ಸೆ ಉದಾಹರಣೆ ಬರುತ್ತದೆ. 1900ರಲ್ಲಿ ಕಟ್ಟಿದ ಸ್ಟೇಷನ್, 1986ರಿಂದ ಕಲಾ ಮ್ಯೂಸಿಯಂ. ಜಗತ್ತೇ ಹೋಗಿ ನೋಡುತ್ತದೆ. ಆದರೆ ಅದು ಮ್ಯೂಸಿಯಂ ಆದದ್ದು ಯಾಕೆ? ಅದರ ಪ್ಲಾಟ್‌ಫಾರ್ಮ್‌ಗಳು ಚಿಕ್ಕವು. ಕಾಲ ಕಳೆದ ಹಾಗೆ ರೈಲುಗಳು ಉದ್ದವಾದವು. 1939ಕ್ಕೆ ದೂರದ ರೈಲುಗಳು ಅಲ್ಲಿಗೆ ಬರುವುದೇ ನಿಂತಿತು. ಮೊದಲು ಸ್ಟೇಷನ್ ಸತ್ತಿತು, ಎಷ್ಟೋ ವರ್ಷ ಆದಮೇಲೆ ಮ್ಯೂಸಿಯಂ ಹುಟ್ಟಿತು. ಇಸ್ತಾಂಬುಲ್‌ನ ಹೈದರ್‌ಪಾಶಾ ಕಥೆ ಇನ್ನೂ ಕಷ್ಟದ್ದು. 1908ರ ಆ ಸ್ಟೇಷನ್ನಿನ ಚಾವಣಿಗೆ 2010ರಲ್ಲಿ ಬೆಂಕಿ ಬಿತ್ತು, 2013ರಲ್ಲಿ ರೈಲು ನಿಂತಿತು. ಕಟ್ಟಡವನ್ನು ಏನು ಮಾಡಬೇಕು ಅನ್ನುವ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು.

ನ್ಯೂಯಾರ್ಕ್ ಎರಡನ್ನೂ ಕಂಡಿದೆ. 1963ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಷನ್ನಿನ ಹಳೇ ಕಟ್ಟಡ ಒಡೆಯಲು ಶುರು ಮಾಡಿದರು. ಆ ಸಿಟ್ಟಿಗೆ ಊರಲ್ಲಿ ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಕಾನೂನು ಬಂತು. ಅದೇ ಕಾನೂನಿನ ಬಲದಲ್ಲಿ ಗ್ರ್ಯಾಂಡ್ ಸೆಂಟ್ರಲ್ ಉಳಿಯಿತು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲೂ ಚಾವಣಿ ತುಂಬ ನಕ್ಷತ್ರ. ವ್ಯತ್ಯಾಸ ಏನಪ್ಪಾ ಅಂದರೆ, ಅಲ್ಲಿನ ಅತಿ ಚೆಂದದ ಕೋಣೆ ಪ್ರಯಾಣಿಕರದ್ದೇ. ಟಿಕೆಟ್ ಇಲ್ಲದವರೂ ಬಂದು ನಿಲ್ಲಬಹುದು. ಹಾಲ್ ಎಷ್ಟು ವಿಶಾಲ ಅಂದರೆ ಓಡುವವರು ಓಡುತ್ತಾರೆ, ನಿಂತವರು ನಿಲ್ಲುತ್ತಾರೆ. ಸಿಎಸ್‌ಎಂಟಿಯಲ್ಲಿ ವಿಶಾಲವಾದ, ತಣ್ಣಗಿನ, ಎತ್ತರದ ಜಾಗ ಆಫೀಸಿನದು. ಇಕ್ಕಟ್ಟು ಪ್ರಯಾಣಿಕರದ್ದು.

ಹಾಗಂತ ಆಫೀಸನ್ನು ಎತ್ತಂಗಡಿ ಮಾಡಬೇಕು ಅಂತ ನಾನು ಹೇಳಲಾರೆ. ಮುಂಬೈ ಮಳೆಯಲ್ಲಿ ಕಲ್ಲಿನ ಕಟ್ಟಡ ಉಳಿಯುವುದು ದಿನಾ ನೋಡಿಕೊಳ್ಳುವವರು ಇದ್ದರೆ ಮಾತ್ರ. ಸಂದಿಯಲ್ಲಿ ಅರಳಿ ಗಿಡ ಮೊಳೆತರೆ, ನೀರಿನ ಪೈಪು ಕಟ್ಟಿಕೊಂಡರೆ, ಪಾರಿವಾಳ ಗೂಡು ಕಟ್ಟಿದರೆ ಕೂಡಲೇ ಕಣ್ಣಿಗೆ ಬೀಳಬೇಕು. ದೊಡ್ಡ ಸಾಹೇಬರ ಕೋಣೆಯಲ್ಲಿ ನೀರು ಸೋರಿದರೆ ಅದೇ ದಿನ ರಿಪೇರಿ. ಖಾಲಿ ಕೋಣೆಯಲ್ಲಿ ಸೋರಿದರೆ ಮುಂದಿನ ಬಜೆಟ್ಟು. ಇದು ಸರ್ಕಾರಿ ಕಟ್ಟಡ ನೋಡಿದ ಯಾರಿಗಾದರೂ ಗೊತ್ತಿರುವ ಸತ್ಯ. 130 ವರ್ಷಕ್ಕೂ ಜಾಸ್ತಿ ಕಾಲ ಈ ಕಟ್ಟಡ ಗಟ್ಟಿಯಾಗಿ ನಿಂತಿರುವುದಕ್ಕೆ ಅದರಲ್ಲಿ ಜನ ಕೆಲಸ ಮಾಡುತ್ತಿರುವುದೂ ಒಂದು ಕಾರಣ.

ಬೇಕಾಗಿರುವುದು ಪೂರ್ತಿ ಮ್ಯೂಸಿಯಂ ಅಲ್ಲ. ಗುಮ್ಮಟದ ಕೆಳಗಿನ ಬಾಗಿಲು ಮತ್ತು ಆ ಮೆಟ್ಟಿಲು, ಇಷ್ಟನ್ನು ಜನರಿಗೆ ಬಿಡಬೇಕು. ಮೇಲಿನ ಮಹಡಿಗಳಲ್ಲಿ ಆಫೀಸು ಇರಲಿ.

ಇದಕ್ಕೆ ಒಂದು ಸಣ್ಣ ಆರಂಭ ಆಗಲೇ ಆಗಿತ್ತು. 2012ರಲ್ಲಿ ನೆಲಮಹಡಿಯ ಹೆರಿಟೇಜ್ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆಯಿತು. ಹಳೇ ನಕ್ಷೆ, ಫೋಟೊ, ಕಂಪನಿ ಕಾಲದ ಸಾಮಾನುಗಳು, ಜೊತೆಗೆ ಕಟ್ಟಡದ ಒಂದು ಸುತ್ತು. ಆಗ ಇಟ್ಟ ಟಿಕೆಟ್ 200 ರೂಪಾಯಿ. ವೇಳೆ ಮಾತ್ರ ಆಫೀಸಿನ ಕೆಲಸದ ದಿನಗಳ ಮಧ್ಯಾಹ್ನದ ಒಂದೆರಡು ತಾಸು. ಯಾರಿಗೆ ಅನುಕೂಲ ಇದು? ಊರಿಂದ ಬರುವ ಸಂಸಾರಗಳು ಬರುವುದು ಭಾನುವಾರ, ರಜಾ ದಿನ. ಊರಿನ ಮಕ್ಕಳಿಗೆ ಬಿಡುವು ಸಿಗುವುದೂ ಆಗಲೇ. ಆಫೀಸಿಗೆ ಅನುಕೂಲವಾದ ವೇಳೆ ನೋಡುವವರಿಗೆ ಅನುಕೂಲ ಅಲ್ಲ. ಭಾನುವಾರ ಆಫೀಸು ಮುಚ್ಚಿರುತ್ತದೆ, ಮೆಟ್ಟಿಲು ಖಾಲಿ ಇರುತ್ತದೆ. ಕಾವಲಿಗೆ ನಾಲ್ಕು ಜನ, ವಿವರ ಹೇಳಲು ಇಬ್ಬರು ಇದ್ದರೆ ಸಾಕು. ಸಾವಿರಾರು ಕೋಟಿಯ ಯೋಜನೆಯಲ್ಲಿ ಇದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಹೊಸ ಯೋಜನೆ ಏನು ಕೊಡುತ್ತದೆ

ಪುನರಾಭಿವೃದ್ಧಿಯ ಹಾದಿ ನೇರವಾಗಿ ಬರಲಿಲ್ಲ. ಮೊದಲು ಖಾಸಗಿ ಪಾಲುದಾರಿಕೆಯಲ್ಲಿ ಮಾಡುವ ಮಾತಿತ್ತು. ದೊಡ್ಡ ದೊಡ್ಡ ಕಂಪನಿಗಳು ಸಾಲು ನಿಂತಿದ್ದವು. ಆಗಿನ ಅಂದಾಜು 1,642 ಕೋಟಿ. ಹಾಕಿದ ಹಣವನ್ನು ಅಂಗಡಿ ಬಾಡಿಗೆ, ಜಾಗದ ಗುತ್ತಿಗೆ, ಪ್ರಯಾಣಿಕರ ಶುಲ್ಕದಿಂದ ತೆಗೆಯುವ ಲೆಕ್ಕ. 2021ರಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಭಾರತೀಯ ರೈಲ್ವೆ ಸ್ಟೇಷನ್ ಅಭಿವೃದ್ಧಿ ನಿಗಮವನ್ನೇ ಮುಚ್ಚಿದರು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ನವದೆಹಲಿ, ಅಹಮದಾಬಾದ್, ಸಿಎಸ್‌ಎಂಟಿ ಮೂರಕ್ಕೂ ಸೇರಿ ಸುಮಾರು 10,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗ ಹಣ ಸರ್ಕಾರದ್ದು, ಕಟ್ಟುವವರು ಗುತ್ತಿಗೆದಾರರು.

ನೋಡುವವರ ಲೆಕ್ಕದಲ್ಲಿ ಇದು ಒಳ್ಳೆಯ ಬದಲಾವಣೆ. ಹಣ ಹಾಕಿದ ಖಾಸಗಿಯವರಿಗೆ ಪ್ರತಿ ಚದರಡಿಯೂ ಬಾಡಿಗೆ ತರಬೇಕು. ಸುಮ್ನೆ ನಿಂತು ನೋಡುವ ಜಾಗ ಅವರ ಕಣ್ಣಿಗೆ ನಷ್ಟ. ಸರ್ಕಾರಕ್ಕೆ ಆ ಒತ್ತಡ ಅಷ್ಟಿಲ್ಲ. ಆದರೂ ಸಂಪುಟದ ಒಪ್ಪಿಗೆಯ ಜೊತೆ ಬಂದ ವಿವರ ಓದಿದರೆ ಮಾಲ್‌ನ ವಾಸನೆ ಹೊಡೆಯುತ್ತದೆ. ಹಳಿಗಳ ಮೇಲೆ ಅಗಲವಾದ ರೂಫ್ ಪ್ಲಾಜಾ. ಅದರಲ್ಲಿ ಅಂಗಡಿ, ಕೆಫೆ, ಫುಡ್ ಕೋರ್ಟ್, ಮಕ್ಕಳ ಆಟದ ಜಾಗ. ಮೂರು ಊರಿಗೂ ಒಂದೇ ಅಚ್ಚು.

ಇಂಥ ಅಚ್ಚಿನ ಸ್ಟೇಷನ್ ನಮಗೂ ಗೊತ್ತು. ಬೆಂಗಳೂರಿನ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಶುರುವಾದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಏರ್‌ಪೋರ್ಟ್ ಇದ್ದ ಹಾಗಿದೆ. ಇದೆ, ನಿಜ. ಎ.ಸಿ. ಹಾಲ್ ಚೆನ್ನಾಗಿದೆ. ಆದರೆ ಅಲ್ಲಿಗೆ ಹೋಗಿ ಬರುವುದೇ ತಲೆನೋವು ಅಂತ ಜನ ಗೊಣಗಿದ್ದು ಅಷ್ಟೇ ನಿಜ. ಬೈಯಪ್ಪನಹಳ್ಳಿಯಲ್ಲಿ ಹೊಸದಾಗಿ ಕಟ್ಟಿದರು, ಯಾವ ಅಚ್ಚಾದರೂ ನಡೆಯುತ್ತದೆ. ಸಿಎಸ್‌ಎಂಟಿ ಹಾಗಲ್ಲ. ಅದು 2004ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಕಟ್ಟಡದ ಸುತ್ತ ಸುಮಾರು 90 ಹೆಕ್ಟೇರ್ ಜಾಗಕ್ಕೂ ಕಾವಲಿನ ಗೆರೆ ಎಳೆದಿದ್ದಾರೆ. ಅದರೊಳಗೆ ಎತ್ತರದ ಕಟ್ಟಡ ಎದ್ದು ಗುಮ್ಮಟವನ್ನು ಮರೆಮಾಡಿದರೆ ಪಟ್ಟಿಯ ಹೆಸರಿಗೇ ಸಂಚಕಾರ. ಇದು ಬರೀ ಬೆದರಿಕೆ ಅಲ್ಲ. ನದಿದಂಡೆಯಲ್ಲಿ ಹೊಸ ಕಟ್ಟಡಗಳು ಎದ್ದವು ಅಂತ ಇಂಗ್ಲೆಂಡಿನ ಲಿವರ್‌ಪೂಲ್‌ನ ಹೆಸರನ್ನು 2021ರಲ್ಲಿ ಪಟ್ಟಿಯಿಂದ ತೆಗೆದೇಬಿಟ್ಟರು.

ಯೋಜನೆಯಲ್ಲಿ ನನಗೆ ಹಿಡಿಸಿದ ಭಾಗವೂ ಇದೆ. ಪೂರ್ವಕ್ಕೆ, ಪಿ. ಡಿ'ಮೆಲೊ ರಸ್ತೆ ಕಡೆ ಹೊಸ ಕಟ್ಟಡ ಬರುತ್ತದೆ. ದೂರದ ಊರಿನ ರೈಲಿನವರ ಓಡಾಟ ಆ ಕಡೆ ಜಾರುತ್ತದೆ. ಪಾರಂಪರಿಕ ಭಾಗವನ್ನು 1930ರ ಹೊತ್ತಿಗೆ ಹೇಗಿತ್ತೋ ಹಾಗೆ ಮಾಡುವುದಾಗಿ ಹೇಳಿದ್ದಾರೆ. ಆಮೇಲೆ ಅಂಟಿಕೊಂಡ ಶೆಡ್ಡು, ಗೋಡೆಗಳು ಹೋಗಬೇಕು ಅಂತ ಅರ್ಥ. 1930 ಯಾಕೆ ಅಂದರೆ ಅದರ ಸುತ್ತಮುತ್ತಲೇ ಸ್ಟೇಷನ್ ತನ್ನ ಈಗಿನ ಆಕಾರಕ್ಕೆ ಬಂದಿದ್ದು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಇಲ್ಲಿಂದ ಕುರ್ಲಾಕ್ಕೆ ಓಡಿತು. 1929ರಲ್ಲಿ ದೂರದ ರೈಲುಗಳ ಹೊಸ ಭಾಗ ಬಂತು. ಪೂರ್ವದ ಕಡೆ ಒತ್ತಡ ಹೋದರೆ ಪಶ್ಚಿಮದ ಮುಖಕ್ಕೆ, ಅಂದರೆ ನಾವು ಫೋಟೊ ತೆಗೆಯುವ ಕಡೆಗೆ, ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಆ ಬಾಗಿಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ.

ಮಧ್ಯೆ ಕಷ್ಟಪಡುವವರು ಇದ್ದೇ ಇದ್ದಾರೆ. 24 ಬೋಗಿಯ ರೈಲು ನಿಲ್ಲಲು ಪ್ಲಾಟ್‌ಫಾರ್ಮ್‌ಗಳನ್ನು ಉದ್ದ ಮಾಡುವ ಕೆಲಸಕ್ಕೆ 2024ರಲ್ಲಿ ದೊಡ್ಡ ಮೆಗಾ ಬ್ಲಾಕ್ ಆಯಿತು, ಅಂದರೆ ಕೆಲಸಕ್ಕೆಂದು ರೈಲು ಓಡಾಟ ತಡೆದರು. ಮಂಗಳೂರು ಜಂಕ್ಷನ್‌ನಿಂದ ಬರುವ ರೈಲು ಸಿಎಸ್‌ಎಂಟಿ ತನಕ ಬರದೆ ಥಾಣೆಯಲ್ಲೇ ನಿಂತಿತು, ಅದೂ ತಿಂಗಳುಗಟ್ಟಲೆ. ಮಾವು, ಕುಚ್ಚಲಕ್ಕಿ, ಹಪ್ಪಳದ ಡಬ್ಬ ಹೊತ್ತು ಕೊಂಕಣ ರೈಲ್ವೆಯಲ್ಲಿ ಬರುವ ಕರಾವಳಿಯವರಿಗೆ ಅಲ್ಲಿಂದ ಲೋಕಲ್ ಹತ್ತುವುದು ಎಂಥಾ ಪಾಡು ಅಂತ ಬಿಡಿಸಿ ಹೇಳಬೇಕಿಲ್ಲ. ಸಿಟ್ಟು ನ್ಯಾಯವಾದದ್ದೇ. ಆದರೆ ಓರ್ಸೆಯ ಕಥೆ ನೆನೆದರೆ ಪ್ಲಾಟ್‌ಫಾರ್ಮ್ ಉದ್ದ ಆಗಲೇಬೇಕಿತ್ತು ಅನಿಸುತ್ತದೆ. ಉದ್ದದ ರೈಲು ನಿಲ್ಲಲು ಆಗದ ಸ್ಟೇಷನ್ ಎಷ್ಟೇ ಚೆಂದ ಇದ್ದರೂ ಕೊನೆಗೆ ರೈಲಿಲ್ಲದ ಕಟ್ಟಡವೇ.

ನಿಲ್ಲಲು ಜಾಗ

ನೋಡಲು ಬರುವವರಿಗೆ ಬೇಕಾಗುವುದು ದೊಡ್ಡದೇನಲ್ಲ. ಬ್ಯಾಗು ಇಡಲು ಜಾಗ, ಶುಚಿಯಾದ ಶೌಚಾಲಯ, ಹತ್ತು ನಿಮಿಷ ಕೂರಲು ಬೆಂಚು, ಏನು ನೋಡುತ್ತಿದ್ದೇವೆ ಅಂತ ಹೇಳುವ ಒಂದು ಫಲಕ. ಬಾಡಿಗೆಗೆ ಸಿಗುವ ಪುಟ್ಟ ಗೂಡಿನಂಥ ಮಲಗುವ ಪಾಡ್‌ಗಳು 2022ರಲ್ಲಿ ಬಂದಿವೆ. 18ನೇ ಪ್ಲಾಟ್‌ಫಾರ್ಮ್ ಕಡೆ ಹಳೇ ಬೋಗಿಯೊಳಗೆ ಹೋಟೆಲ್ ಮಾಡಿದ್ದಾರೆ, ಪಕ್ಕದ ಹೆರಿಟೇಜ್ ಗಲ್ಲಿಯಲ್ಲಿ ಹಳೇ ಇಂಜಿನ್‌ಗಳನ್ನು ನಿಲ್ಲಿಸಿದ್ದಾರೆ. ಹಣ ಕೊಡುವವರಿಗೆ ಕೂರಲು ಜಾಗ ಉಂಟು. ಹಣ ಕೊಡದೆ ಕೂರುವ ಜಾಗ ಇಡೀ ಪಶ್ಚಿಮದ ಮುಖದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದಕ್ಕೇ ಜನ ರಸ್ತೆಯಾಚೆ ನಿಲ್ಲುವುದು.

ಭದ್ರತೆಯ ಮಾತು ಎತ್ತದೆ ಈ ಸ್ಟೇಷನ್ ಬಗ್ಗೆ ಬರೆಯಲು ಆಗುವುದಿಲ್ಲ. 2008ರ ನವೆಂಬರ್ 26ರ ರಾತ್ರಿ ದೂರದ ರೈಲುಗಳ ಹಾಲ್‌ನಲ್ಲಿ ಕಾಯುತ್ತಿದ್ದವರ ಮೇಲೆ ಗುಂಡು ಹಾರಿಸಿದರು. 58 ಜನ ಸತ್ತರು. ಮೇಲಿನ ಅನೌನ್ಸ್‌ಮೆಂಟ್ ಕೋಣೆಯಲ್ಲಿದ್ದವರು ಮೈಕಿನಲ್ಲಿ ಎಚ್ಚರಿಸಿ, ಹೊರಗೆ ಹೋಗುವ ದಾರಿ ಹೇಳಿ ಎಷ್ಟೋ ಜೀವ ಉಳಿಸಿದರು. 2019ರ ಮಾರ್ಚ್ 14ರ ಸಂಜೆ ಸ್ಟೇಷನ್ನಿಗೆ ತಾಗಿದ ಹಿಮಾಲಯ ಪಾದಚಾರಿ ಸೇತುವೆಯ ನೆಲ ಕುಸಿದು ಮತ್ತೆ ಸಾವಾಯಿತು. ಹೊಸ ಸೇತುವೆ ಬರಲು 2023 ಆಯಿತು. ಜನರನ್ನು ಒಳಗೆ ಬಿಡಿ ಅಂದಾಗ ಅಧಿಕಾರಿಗಳು ಹಿಂಜರಿಯುವುದು ಸುಮ್ನೆ ಅಲ್ಲ. ಆದರೆ ಆ ಎರಡೂ ಸಲ ಸತ್ತವರಲ್ಲಿ ಹೆಚ್ಚಿನವರು ಪ್ರಯಾಣಿಕರು, ದಾರಿಹೋಕರು. ಅಪಾಯ ಇರುವುದು ಇಕ್ಕಟ್ಟಾದ ಜಾಗದಲ್ಲಿ, ಸವೆದ ಸೇತುವೆಯಲ್ಲಿ. ನೋಡುವವರನ್ನು ಗುಮ್ಮಟದ ಬಾಗಿಲ ಕಡೆ ಕಳಿಸಿದರೆ ಬುಕಿಂಗ್ ಹಾಲ್‌ನ ಇಕ್ಕಟ್ಟು ಅಷ್ಟಾದರೂ ಸಡಿಲ ಆಗುತ್ತದೆ.

ಅದೆಲ್ಲ ಆಗುವಾಗ ಆಗಲಿ. ಈಗ ಹೋಗುವವರಿಗೆ ನನ್ನ ಮಾತು ಇಷ್ಟು. ಭಾನುವಾರ ಬೆಳಗ್ಗೆ ಹೋಗಿ, ಆಫೀಸಿನ ಜನ ಇರುವುದಿಲ್ಲ. ಹೊರಗಿನ ಮುಖವನ್ನು ಪಾಲಿಕೆ ಕಟ್ಟಡದ ಮೂಲೆಯಿಂದ ನೋಡಿ. ಆ ಪಾಲಿಕೆ ಕಟ್ಟಡವೂ ಸ್ಟೀವನ್ಸ್ ಅವರದ್ದೇ, 1893ರದ್ದು, ಅದರ ಕಡೆಗೂ ಒಂದು ಸಲ ತಿರುಗಿ ನೋಡಿ. ಆಮೇಲೆ ರಸ್ತೆ ದಾಟುವ ಸಾಹಸ ಬೇಡ, ಸಬ್‌ವೇಯಲ್ಲಿ ಇಳಿಯಿರಿ. ಗೇಟಿನ ಸಿಂಹ, ಹುಲಿ, ಗೋಡೆಯ ಮುಖಗಳನ್ನು ನೋಡಿಕೊಂಡು ಸ್ಟಾರ್ ಚೇಂಬರ್‌ಗೆ ಹೋಗಿ. ದಾರಿಯ ನಡುವೆ ನಿಲ್ಲದೆ ಕಂಬಕ್ಕೆ ಒರಗಿ ನಿಂತರೆ ಯಾರೂ ಬಯ್ಯುವುದಿಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಅದನ್ನು ತೆಗೆದುಕೊಂಡು ದೂರದ ರೈಲುಗಳ ಕಡೆಗೂ ಒಂದು ಸುತ್ತು ಹಾಕಬಹುದು. ಮ್ಯೂಸಿಯಂ ಮತ್ತು ಗುಮ್ಮಟದ ಮೆಟ್ಟಿಲು ನೋಡಲೇಬೇಕು ಅನ್ನುವವರು ಮಾತ್ರ ಕೆಲಸದ ದಿನ ಹೋಗಬೇಕು, ತೆರೆದಿದೆಯಾ ಅಂತ ಮೊದಲೇ ವಿಚಾರಿಸಬೇಕು. ರೈಲಿಂದ ಇಳಿದು ಸಾಮಾನು ಇಟ್ಟು ನೋಡುವವರು ಬ್ಯಾಗಿಗೆ ಬೀಗ ಹಾಕಿರಿ, ಟಿಕೆಟ್ ಬಿಸಾಡಬೇಡಿ. ಕ್ಲಾಕ್ ರೂಮಿನಲ್ಲಿ ಎರಡನ್ನೂ ಕೇಳುತ್ತಾರೆ.